ಹಳೆಯ ಕಾರಿನ ಬಿಡಿಭಾಗ: ಎಲೆಕ್ಟ್ರಾಲಿಸಿಸ್‌ನಲ್ಲಿ ಒಂದೇ ಬದಿಯ ತುಕ್ಕು ಹೋಗುವುದೇಕೆ?

ತುಕ್ಕು ಬಿಡಿಸಲು ಬ್ರೇಕ್ ಡ್ರಮ್ಮನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಮುಳುಗಿಸಿ, ಎದುರಿಗೆ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ಇಟ್ಟು ರಾತ್ರಿಯಿಡೀ ಕರೆಂಟ್ ಹರಿಸಿದ್ದೀರಿ. ತಟ್ಟೆಯ ಕಡೆಗಿದ್ದ ಮುಖದ ತುಕ್ಕು ಮಾತ್ರ ಹೋಗಿದೆ ಎಂದಿದ್ದೀರಿ. ಕಾರಣ ಹೇಳುವ ಮೊದಲು ಒಂದು ಮಾತು: ಆ ತಟ್ಟೆಯನ್ನು ಇವತ್ತೇ ತೆಗೆಯಿರಿ. ಪಾಸಿಟಿವ್‌ಗೆ ಕೊಟ್ಟ ಸ್ಟೇನ್‌ಲೆಸ್‌ನಿಂದ ಕ್ರೋಮಿಯಂ ಕರಗಿ ಹೆಕ್ಸಾವೇಲೆಂಟ್ ಕ್ರೋಮಿಯಂ ಆಗಬಹುದು; ಅದು ಕ್ಯಾನ್ಸರ್ ತರುವ ವಿಷ. ಆ ನೀರನ್ನು ಚರಂಡಿಗೆ ಸುರಿಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಅಪಾಯಕಾರಿ ತ್ಯಾಜ್ಯವೆಂದೇ ಒಪ್ಪಿಸಿ. ಸತು ಲೇಪನವಿರುವ ತಗಡೂ ಬೇಡ. ಕಟ್ಟಡಕ್ಕೆ ಬಳಸುವ ಸಾದಾ ಕಬ್ಬಿಣದ ಸರಳು ಸಾಕು, ಅದು ಸವೆದು ಹೋಗಲೆಂದೇ ಇರುವುದು.

ಈಗ ನಿಮ್ಮ ಪ್ರಶ್ನೆ. ಕರೆಂಟ್ ಹತ್ತಿರದ ದಾರಿ ಹುಡುಕುತ್ತದೆ; ಸರಳಿಗೆ ಎದುರಾಗಿರುವ ಮುಖಕ್ಕೆ ಹೆಚ್ಚು ಸಿಗುತ್ತದೆ, ಹಿಂಬದಿಗೂ ಒಳಸಂದಿಗಳಿಗೂ ತೀರ ಕಡಿಮೆ. ಬಕೆಟ್ಟಿನ ಸುತ್ತ ನಾಲ್ಕು ಸರಳು ನಿಲ್ಲಿಸಿ, ಎಲ್ಲವನ್ನೂ ಒಂದೇ ವೈರಿನಿಂದ ಜೋಡಿಸಿ ಪಾಸಿಟಿವ್‌ಗೆ ಕೊಡಿ. ಡ್ರಮ್ಮಿನ ಒಳಗೋಡೆಗೆ ನಡುವೆ ಇನ್ನೊಂದು ಸರಳು ಬೇಕು. ಭಾಗಕ್ಕೂ ಸರಳಿಗೂ 5ರಿಂದ 10 ಸೆಂ.ಮೀ. ಅಂತರವಿರಲಿ, ಒಂದಕ್ಕೊಂದು ತಾಗಿದರೆ ಶಾರ್ಟ್. ಬಕೆಟ್ ಪ್ಲಾಸ್ಟಿಕ್ಕಿನದೇ ಆಗಿರಬೇಕು.

ಭಾಗ ಯಾವಾಗಲೂ ನೆಗೆಟಿವ್‌ಗೆ. ಇದು ಅದಲುಬದಲಾದರೆ ನಿಮ್ಮ ಅಪರೂಪದ ಬಿಡಿಭಾಗವೇ ಕರಗುತ್ತಾ ಹೋಗುತ್ತದೆ, ಆದ್ದರಿಂದ ಸ್ವಿಚ್ ಹಾಕುವ ಮೊದಲು ಎರಡು ಸಲ ನೋಡಿ. ಕ್ಲಿಪ್ಪನ್ನು ತುಕ್ಕಿನ ಮೇಲೆ ಕಚ್ಚಿಸಿದರೆ ಕರೆಂಟೇ ಹರಿಯುವುದಿಲ್ಲ. ಒಂದು ಮೂಲೆಯನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ಅಲ್ಲಿ ಹಾಕಿ. ಗ್ರೀಸ್, ಎಣ್ಣೆ ಇದ್ದರೆ ಮೊದಲೇ ತೊಳೆಯಿರಿ. 'ಏನೂ ಆಗಲಿಲ್ಲ' ಎನ್ನುವವರಲ್ಲಿ ಬಹುಪಾಲು ಜನರ ತೊಂದರೆ ಇವೆರಡೇ ಎಂಬುದು ನನ್ನ ಅಭಿಪ್ರಾಯ.

20 ಲೀಟರ್ ನೀರಿಗೆ 100ರಿಂದ 150 ಗ್ರಾಂ ವಾಷಿಂಗ್ ಸೋಡಾ ಸಾಕು. ಉಪ್ಪು ಹಾಕಲೇಬೇಡಿ, ಕ್ಲೋರಿನ್ ಅನಿಲ ಬರುತ್ತದೆ. 12 ವೋಲ್ಟ್ ಕಾರ್ ಬ್ಯಾಟರಿ ಚಾರ್ಜರಿನಲ್ಲಿ 2ರಿಂದ 5 ಆಂಪಿಯರ್ ಹರಿದರೆ ಒಂದು ಬಕೆಟ್ಟಿಗೆ ಸರಿ. ಸೋಡಾ ಜಾಸ್ತಿ ಹಾಕಿದರೆ ಕರೆಂಟ್ ಏರಿ ಚಾರ್ಜರ್ ಬಿಸಿಯಾಗುತ್ತದೆ. ಹೊಸ ಆಟೋಮ್ಯಾಟಿಕ್ ಚಾರ್ಜರುಗಳಲ್ಲಿ ಎಷ್ಟೋ ಎದುರಿಗೆ ಬ್ಯಾಟರಿ ಕಾಣದೆ ಶುರುವೇ ಆಗುವುದಿಲ್ಲ. ಹಳೆಯ ಮಾದರಿಯದು ಅಥವಾ ಬೆಂಚ್ ಪವರ್ ಸಪ್ಲೈ (ವೋಲ್ಟ್, ಆಂಪಿಯರ್ ಹೊಂದಿಸಬಹುದಾದ ಡಿ.ಸಿ. ಪೆಟ್ಟಿಗೆ) ಮೇಲು. ಕೆಲವು ಗಂಟೆಗಳಾದ ಮೇಲೆ ಆಂಪಿಯರ್ ಇಳಿದರೆ ಸರಳುಗಳ ಮೇಲೆ ಕಟ್ಟಿದ ಕೆಸರನ್ನು ಕೆರೆದು ಮತ್ತೆ ಇಳಿಬಿಡಿ. ದಪ್ಪ ತುಕ್ಕಿಗೆ 24 ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಮರೆತು ಇನ್ನಷ್ಟು ಹೊತ್ತು ಬಿಟ್ಟರೂ ನೆಗೆಟಿವ್‌ಗೆ ಕೊಟ್ಟು ಮುಳುಗಿಸಿದ ಸಾದಾ ಕಬ್ಬಿಣದ ಭಾಗ ಸವೆಯದು. ಆಸಿಡ್ಡಿಗಿಂತ ಈ ವಿಧಾನ ನನಗೆ ಇಷ್ಟವಾಗುವುದು ಅದಕ್ಕೇ.

ಭಾಗದ ಮೇಲೆ ಏಳುವ ಗುಳ್ಳೆ ಹೈಡ್ರೋಜನ್. ಬಯಲಲ್ಲಿ ಇಡಿ, ಮುಚ್ಚಳ ಹಾಕಬೇಡಿ, ಕ್ಲಿಪ್ ತೆಗೆಯುವ ಮೊದಲು ಮೇನ್ ಸ್ವಿಚ್ ಆರಿಸಿ. ಆ ಒಂದು ಕಿಡಿಯೇ ಸಾಕು. ಪೆಟ್ರೋಲ್ ಟ್ಯಾಂಕಿನ ಒಳಗೆ ಈ ಪ್ರಯೋಗ ಮಾಡುವುದನ್ನು ನಾನು ಒಪ್ಪುವುದಿಲ್ಲ: ಉಳಿದ ಆವಿಯ ಜೊತೆ ಹೈಡ್ರೋಜನ್ನೂ ಅಲ್ಲೇ ತುಂಬಿಕೊಳ್ಳುತ್ತದೆ.

ಎಲ್ಲವನ್ನೂ ಬಕೆಟ್ಟಿಗೆ ಹಾಕಲಾಗದು. ಕಾರ್ಬ್ಯುರೇಟರ್, ಪಿಸ್ಟನ್‌ನಂಥ ಅಲ್ಯೂಮಿನಿಯಂ ಅಥವಾ ಸತುವಿನ ಎರಕದ ಭಾಗಗಳನ್ನು ಸೋಡಾ ನೀರೇ ತಿನ್ನುತ್ತದೆ. ಬೇರಿಂಗ್, ರಬ್ಬರ್ ಸೀಲ್ ಮೊದಲೇ ಬಿಚ್ಚಿ. ಸ್ಪ್ರಿಂಗ್, ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು), ಹೈ ಟೆನ್ಸೈಲ್ (ಹೆಚ್ಚು ಎಳೆತ ತಡೆಯುವ ಗಟ್ಟಿ ಉಕ್ಕಿನ) ಬೋಲ್ಟ್‌ಗಳ ಒಳಗೆ ಹೈಡ್ರೋಜನ್ ಸೇರಿ ಲೋಹ ಪೆಡಸಾಗಬಹುದು. ಭಾರ ಬಿದ್ದಾಗ ಮುನ್ಸೂಚನೆಯಿಲ್ಲದೆ ಮುರಿಯಬಹುದು. ಆ ಹೈಡ್ರೋಜನ್ ಹೊರಹೋಗಲೆಂದು, ಬಕೆಟ್ಟಿನಿಂದ ತೆಗೆದ ಕೆಲವೇ ಗಂಟೆಗಳೊಳಗೆ 190–200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕನಿಷ್ಠ 4 ಗಂಟೆ ಬೇಯಿಸುವ ಪದ್ಧತಿ ಇದೆ, ಆದರೆ ಸ್ಟೀರಿಂಗ್, ಬ್ರೇಕಿನ ಬೋಲ್ಟ್‌ಗಳಿಗೆ ಅದನ್ನು ನಂಬಬೇಡಿ, ಹೊಸದು ಹಾಕಿ.

ಹೊರತೆಗೆದಾಗ ಭಾಗದ ಮೇಲೆ ಕಪ್ಪು ಪದರ ಇರುತ್ತದೆ. ಅದು ಕೆಲಸ ಕೆಟ್ಟ ಗುರುತಲ್ಲ. ವೈರ್ ಬ್ರಷ್‌ನಿಂದ ತಿಕ್ಕಿದರೆ ಬಿಡುತ್ತದೆ. ತುಕ್ಕು ತಿಂದ ಗುಂಡಿಗಳು ಮಾತ್ರ ಹಾಗೇ ಉಳಿಯುತ್ತವೆ. ಡ್ರಮ್ಮಿನ ಒಳವ್ಯಾಸ ಅಳೆದು, ಅದರ ಮೇಲೇ ಅಚ್ಚೊತ್ತಿರುವ ಅಥವಾ ಕೈಪಿಡಿಯಲ್ಲಿರುವ ಮಿತಿ ದಾಟಿದ್ದರೆ ಬಿಸಾಡಿ. ಬಿಸಿನೀರಲ್ಲಿ ತೊಳೆದು ಹೀಟ್ ಗನ್ನಿನಿಂದ ಕೂಡಲೇ ಒಣಗಿಸಿ, ಇಲ್ಲದಿದ್ದರೆ ನಿಮಿಷಗಳಲ್ಲೇ ಕೆಂಪು ಛಾಯೆ ಮರಳುತ್ತದೆ. ಹೊರಮೈಗೆ ಅದೇ ದಿನ ಪ್ರೈಮರ್ ಬಳಿಯಿರಿ. ಬ್ರೇಕ್ ಶೂ ತಾಗುವ ಒಳಮೈಗೆ ಬಣ್ಣ ಬೇಡ, ತುಕ್ಕು ಬಾರದಿರಲೆಂದು ಎಣ್ಣೆ ಸವರಿಟ್ಟಿದ್ದರೆ ಜೋಡಿಸುವ ಮೊದಲು ಬ್ರೇಕ್ ಕ್ಲೀನರಿನಿಂದ ಪೂರ್ತಿ ಒರೆಸಿ.