ಕೈಯಲ್ಲಿ ಫೋನ್ ಇಲ್ಲದಿದ್ದರೆ ಸಾಕೇ?

ಪ್ರಶ್ನೆ: ನನ್ನದು ದಿನವಿಡೀ ಓಡಾಟದ ಕೆಲಸ, ಬಂದ ಕರೆಗಳನ್ನು ಬಿಡುವಂತಿಲ್ಲ. ಕಾರಿನಲ್ಲಿ ಬ್ಲೂಟೂತ್ ಮೂಲಕ ಮಾತನಾಡುತ್ತೇನೆ. ಸ್ಕೂಟರ್‌ನಲ್ಲಿ ಫೋನನ್ನು ಹೆಲ್ಮೆಟ್ ಒಳಗೆ ಸಿಕ್ಕಿಸಿಕೊಳ್ಳುತ್ತೇನೆ. ಮೆಸೇಜ್ ನೋಡುವುದು ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ. ಇದರಲ್ಲಿ ತಪ್ಪಿದೆಯೇ?

ಉತ್ತರ: ಮೊದಲು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು, ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂವಹನ ಸಾಧನಗಳ ಬಳಕೆಯನ್ನು 2019ರ ತಿದ್ದುಪಡಿ ಅದರಡಿ ಸ್ಪಷ್ಟವಾಗಿ ಸೇರಿಸಿದೆ. ಮೊದಲ ಬಾರಿಯ ತಪ್ಪಿಗೇ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ ಜೈಲು ಶಿಕ್ಷೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ. 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ನಿಯಮವು ಒಂದೇ ಒಂದು ವಿನಾಯಿತಿ ಕೊಡುತ್ತದೆ: ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ, ದಾರಿ ತಿಳಿಯುವುದಕ್ಕೆ ಮಾತ್ರ ಇಂಥ ಸಾಧನವನ್ನು ಬಳಸಬಹುದು. ಹೆಲ್ಮೆಟ್‌ಗೆ ಸಿಕ್ಕಿಸಿದ ಫೋನ್ ಕೈಯಲ್ಲಿಲ್ಲವಲ್ಲ ಎಂಬ ವಾದವನ್ನು ನೆಚ್ಚಿಕೊಳ್ಳಬೇಡಿ. ಅದು ಜಾರತೊಡಗಿದ ಕ್ಷಣ ನಿಮ್ಮ ಕೈ ಹ್ಯಾಂಡಲ್ ಬಿಟ್ಟು ತಾನಾಗಿಯೇ ಕೆನ್ನೆಯ ಕಡೆಗೆ ಹೋಗುತ್ತದೆ.

ಆದರೆ ನಿಮ್ಮ ಪ್ರಶ್ನೆಯ ತಿರುಳು ಬ್ಲೂಟೂತ್. ಫೋನ್ ಬಳಸುವ ಚಾಲಕರು ಅಪಘಾತಕ್ಕೀಡಾಗುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹ್ಯಾಂಡ್ಸ್-ಫ್ರೀ ಸಾಧನದಿಂದ ಈ ಅಪಾಯ ಹೇಳಿಕೊಳ್ಳುವಷ್ಟು ತಗ್ಗುವುದಿಲ್ಲ ಎಂದೂ ಎಚ್ಚರಿಸುತ್ತದೆ. ಕಾರಣವಿಷ್ಟೆ: ಕರೆ ಬೇಡುವುದು ಕೈಯನ್ನಲ್ಲ, ಮನಸ್ಸನ್ನು. ಬಾಕಿ ಹಣದ ಲೆಕ್ಕವನ್ನೋ ಮನೆಯ ಚಿಂತೆಯನ್ನೋ ಮಾತನಾಡುತ್ತಿರುವವನ ಕಣ್ಣು ರಸ್ತೆಯ ಮೇಲೇ ಇದ್ದರೂ, ಎದುರಿಗೆ ಅಡ್ಡ ಬಂದ ಪಾದಚಾರಿ ಅವನ ಗಮನಕ್ಕೆ ಬಾರದೇ ಹೋಗಬಹುದು. ಪಕ್ಕದಲ್ಲಿ ಕುಳಿತವರಾದರೆ ತಿರುವು ಬಂದಾಗ, ಲಾರಿ ಎದುರಾದಾಗ ತಾವಾಗಿಯೇ ಮಾತು ನಿಲ್ಲಿಸುತ್ತಾರೆ. ಕರೆ ಮಾಡಿದವರಿಗೆ ಆ ರಸ್ತೆ ಕಾಣುವುದೇ ಇಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ ಎಂಬುದನ್ನು ನೆನಪಿಡಿ. ಯಾರ ಕರೆ ಎಂದು ಎರಡು ಸೆಕೆಂಡು ಪರದೆ ನೋಡಿದರೆ, 33 ಮೀಟರ್ ರಸ್ತೆಯನ್ನು ನೋಡದೆಯೇ ದಾಟಿರುತ್ತೀರಿ.

ಸಿಗ್ನಲ್‌ನಲ್ಲಿ ಮೆಸೇಜ್ ನೋಡುವುದೂ ಅನೇಕರು ಭಾವಿಸಿರುವಷ್ಟು ನಿರಪಾಯಕಾರಿಯಲ್ಲ. ಕಾರಿನ ಹಾಗೂ ಫೋನಿನ ಧ್ವನಿ ಆಜ್ಞೆಗಳ ಬಳಕೆಯ ಬಗ್ಗೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಜ್ಞೆ ಮುಗಿದ ಮೇಲೂ ಗಮನದ ಕೊರತೆ 27 ಸೆಕೆಂಡುಗಳವರೆಗೆ ಉಳಿಯಬಹುದೆಂದು ಕಂಡುಬಂದಿತ್ತು. ಹಸಿರು ದೀಪ ಬಂದು ನೀವು ಹೊರಟಾಗಲೂ ಓದಿದ ಮೆಸೇಜ್ ತಲೆಯಲ್ಲೇ ಇರುತ್ತದೆ.

ಹೊರಡುವ ಮುನ್ನವೇ ನಕ್ಷೆಯಲ್ಲಿ ದಾರಿ ಹಾಕಿಕೊಳ್ಳಿ. ಚಾಲನೆಯಲ್ಲಿರುವುದಾಗಿ ತಾನಾಗಿಯೇ ಉತ್ತರ ಕಳುಹಿಸುವ ಸೌಲಭ್ಯ ಫೋನಿನಲ್ಲಿದ್ದರೆ ಅದನ್ನು ಬಳಸಿ. ಕರೆ ಸ್ವೀಕರಿಸಲೇಬೇಕೆಂದಿದ್ದರೆ ಸುರಕ್ಷಿತ ಜಾಗದಲ್ಲಿ ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಸರಿದು ನಿಲ್ಲಿಸಿ. ನಿಮ್ಮ ಮೇಲಧಿಕಾರಿಗಳೊಂದಿಗೂ ಈ ಬಗ್ಗೆ ನೇರವಾಗಿ ಮಾತನಾಡಿ. ಸಿಬ್ಬಂದಿ ಗಾಡಿ ಓಡಿಸುತ್ತಿದ್ದಾರೆಂದು ತಿಳಿದೂ ಪದೇ ಪದೇ ಕರೆ ಮಾಡುವವರಿಗೂ ಇದರಲ್ಲಿ ಹೊಣೆಯಿದೆ. ನೀವೇ ಯಾರಿಗಾದರೂ ಕರೆ ಮಾಡಿದಾಗ ಆ ಕಡೆಯಿಂದ ಹಾರ್ನ್ ಸದ್ದು ಕೇಳಿಸಿದರೆ, "ಗಾಡಿ ನಿಲ್ಲಿಸಿದ ಮೇಲೆ ಮಾತನಾಡೋಣ" ಎಂದು ಹೇಳಿ ಕರೆ ಮುಗಿಸಿ.