ಕಾಫಿ ಪುಡಿ ಲೇಬಲ್‌ಗೆ ಅಮೆರಿಕನ್ ಟೈಪ್‌ರೈಟರ್ ಬೋಲ್ಡ್

ನಮಸ್ಕಾರ. ಕಾಫಿ ಪುಡಿ ಪ್ಯಾಕೆಟ್ ಮೇಲೆ ಹೆಸರು, ಕೆಳಗಿನ ವಿವರ ಎರಡನ್ನೂ ಅಮೆರಿಕನ್ ಟೈಪ್‌ರೈಟರ್ ಬೋಲ್ಡ್ ಎಂಬ ದಪ್ಪ ಇಂಗ್ಲಿಷ್ ಫಾಂಟಿನಲ್ಲೇ ಹಾಕಬಹುದಾ ಎಂದು ಕೇಳಿದ್ದೀರಿ. ಹೆಸರಿಗೆ ಧಾರಾಳವಾಗಿ ಹಾಕಿ. ವಿವರಕ್ಕೆ ಬೇಡ.

ಈ ಫಾಂಟನ್ನು 1974ರಲ್ಲಿ ಐಟಿಸಿ ಎಂಬ ಅಮೆರಿಕದ ಫಾಂಟ್ ಕಂಪನಿಗಾಗಿ ಜೋಯೆಲ್ ಕೇಡನ್ ಮತ್ತು ಟೋನಿ ಸ್ಟಾನ್ ರೂಪಿಸಿದರು. ನೋಟ ಟೈಪ್‌ರೈಟರಿನದು. ಆದರೆ ಹಳೆಯ ಯಂತ್ರದ ಹಾಗೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇಲ್ಲ. ಇಂಗ್ಲಿಷಿನ 'ಐ'ಗೆ (i) ಕಡಿಮೆ ಜಾಗ, 'ಎಂ'ಗೆ (m) ಜಾಸ್ತಿ. ಅದಕ್ಕೇ ಪದ ಬಿಗಿಯಾಗಿ ಕೂರುತ್ತದೆ. ಸಣ್ಣ 'ಎ' (a) ಅಕ್ಷರವನ್ನು ದೊಡ್ಡದು ಮಾಡಿ ನೋಡಿ. ಮೇಲಿನ ತುದಿಯಲ್ಲಿ ಒಂದು ಗುಂಡು ಬೊಟ್ಟು ಇದೆ. ಅಕ್ಷರದ ಗೆರೆಗಳ ತುದಿಯಲ್ಲಿರುವ ದಪ್ಪ ಪಾದಗಳ ಅಂಚೂ ದುಂಡಗೆ, ರಿಬ್ಬನ್ನಿನ ಶಾಯಿ ಕಾಗದದಲ್ಲಿ ಸ್ವಲ್ಪ ಹರಡಿದಂತೆ. ಇದರ ಬೆಚ್ಚನೆಯ ಗುಣ ಅಲ್ಲೇ ಇರುವುದು. ಅಮೆರಿಕದ ವಿನ್ಯಾಸಕ ಮಿಲ್ಟನ್ ಗ್ಲೇಸರ್ ಅವರ ನ್ಯೂಯಾರ್ಕ್ ಲಾಂಛನ, ಆ ಕೆಂಪು ಹೃದಯದ್ದು, ನೋಡಿರುತ್ತೀರಿ ಅಲ್ವಾ? ಅದೂ ಇದೇ ಫಾಂಟ್. ಇರುವುದು ಮೂರೇ ಅಕ್ಷರ, ದೊಡ್ಡದಾಗಿ.

ಅದೇ ಬೋಲ್ಡನ್ನು 6 ಪಾಯಿಂಟಿನಷ್ಟು ಸಣ್ಣ ಗಾತ್ರಕ್ಕೆ ಇಳಿಸಿದರೆ 'ಇ' (e) ಅಕ್ಷರದ ಕಣ್ಣು, ಅಂದರೆ ಒಳಗಿನ ಖಾಲಿ ಜಾಗ, ಮುಚ್ಚಿಕೊಳ್ಳುತ್ತದೆ. ಶಾಯಿ ಹೀರುವ ಕಂದು ಕಾಗದದಲ್ಲಂತೂ ಇನ್ನೂ ಕಷ್ಟ. ತೂಕ, ಬೆಲೆ, ವಿಳಾಸಕ್ಕೆ ಪಾದಗಳಿಲ್ಲದ ಸರಳ ಫಾಂಟ್ ಬಳಸಿ.

ಪಕ್ಕದಲ್ಲಿ ಕನ್ನಡ ಹೆಸರೂ ಬರುವುದಾದರೆ, ನಮ್ಮ ಅಕ್ಷರಕ್ಕೆ ಸುಮ್ನೆ ಪಾದ ಅಂಟಿಸಬೇಡಿ, ತಲೆಕಟ್ಟಿನ ಅಂದ ಕೆಡುತ್ತದೆ. ಅಷ್ಟೇ ದಪ್ಪದ, ದುಂಡನೆಯ ಕನ್ನಡ ಫಾಂಟ್ ಸಾಕು. ಪ್ಯಾಕೆಟ್ಟಿನ ಕಾಗದದ ಮೇಲೆಯೇ ಒಂದು ಪ್ರತಿ ತೆಗೆದು, ಕೈ ಚಾಚಿದಷ್ಟು ದೂರದಿಂದ ಓದಿ ನೋಡಿ.