ಕುರ್ಚಿ ಜೋಡಿಸಲು ಮಾತ್ರ ಕರೆದರೆ ಮಕ್ಕಳು ಯಾಕೆ ಬರಬೇಕು?

(ಓದುಗರ ಪತ್ರದ ಸಾರ: "ನಾವಿರುವುದು ಟೊರೊಂಟೊ ಪಕ್ಕದ ರಿಚ್ಮಂಡ್ ಹಿಲ್‌ನಲ್ಲಿ. ಸುತ್ತಮುತ್ತ ಇರಾನಿ ಮನೆಗಳೇ ಜಾಸ್ತಿ. ಅವರ ಮಕ್ಕಳು ಕಾಲೇಜಿಗೆ ಹೋಗುತ್ತಲೇ ನೌರೂಜ್ ಹಬ್ಬ, ಸಭೆ, ಮೆರವಣಿಗೆ, ಹೊಸದಾಗಿ ಬಂದವರಿಗೆ ಸಹಾಯ ಎಂದು ಎಲ್ಲದಕ್ಕೂ ಮುಂದೆ ನಿಲ್ಲುತ್ತಾರೆ, ಒಂದು ಪೈಸೆ ತೆಗೆದುಕೊಳ್ಳದೆ. ನನ್ನ ಮಗ ರಾಜ್ಯೋತ್ಸವಕ್ಕೆ ಬಂದರೆ ಮೂಲೆಯಲ್ಲಿ ಫೋನ್ ಹಿಡಿದು ಕೂರುತ್ತಾನೆ. ಇರಾನಿಯರಲ್ಲಿರುವ ಒಗ್ಗಟ್ಟು ನಮ್ಮಲ್ಲಿ ಯಾಕಿಲ್ಲ? ನಮ್ಮ ಮಕ್ಕಳಿಗೆ ಸ್ಫೂರ್ತಿ ಕೊಡುವಂಥ ಲೇಖನವೊಂದನ್ನು ಹಾಕಿ.")

ಮೇಡಂ,

ಸ್ಫೂರ್ತಿಯ ಲೇಖನ ಹಾಕುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅಂಥ ಲೇಖನ ಓದಿ ಹತ್ತೊಂಬತ್ತರ ಹುಡುಗ ಫೋನ್ ಪಕ್ಕಕ್ಕಿಟ್ಟು ಸಂಘದ ಕಾರ್ಯದರ್ಶಿಯಾದದ್ದನ್ನು ನಾನಂತೂ ನೋಡಿಲ್ಲ. ಅದರ ಬದಲು ನಿಮ್ಮ ಪ್ರಶ್ನೆಗೇ ನೇರವಾಗಿ ಉತ್ತರ ಬರೆಯುತ್ತೇನೆ, ಸ್ವಲ್ಪ ಉದ್ದವಾದರೂ ಸರಿ.

ಮೊದಲಿಗೆ ಆ ಒಗ್ಗಟ್ಟಿನ ವಿಷಯ. ಅದು ದೂರದಿಂದ ಹಾಗೆ ಕಾಣುತ್ತದೆ, ಅಷ್ಟೇ. ಇರಾನಿನಿಂದ ಹೊರಬಂದವರಷ್ಟು ಒಳಗೊಳಗೇ ಒಡೆದಿರುವ ವಲಸಿಗರು ಕಡಿಮೆ. 1979ರ ಕ್ರಾಂತಿಯಲ್ಲಿ ಇರಾನಿನ ದೊರೆ ಷಾ ಪದವಿ ಕಳೆದುಕೊಂಡಾಗ ಅವನ ಪರ ಇದ್ದವರು ಓಡಿಬಂದರು. ಷಾ ವಿರುದ್ಧ ಹೋರಾಡಿ, ಆಮೇಲೆ ಹೊಸ ಸರ್ಕಾರದ ಕೋಪಕ್ಕೂ ಗುರಿಯಾದ ಎಡಪಂಥೀಯರು ಬಂದರು. ಬಹಾಯಿ ಧರ್ಮದವರು, ಯಹೂದಿಗಳು, ಅರ್ಮೇನಿಯನ್ನರು, ಕುರ್ದರು ಬಂದರು. ಎಂಬತ್ತರ ದಶಕದ ಇರಾಕ್ ಯುದ್ಧದಿಂದ ಮಕ್ಕಳನ್ನು ಉಳಿಸಿಕೊಳ್ಳಬೇಕೆಂದು ಬಂದವರೂ ಇದ್ದಾರೆ. ಇವರೆಲ್ಲ ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್‌ನಲ್ಲೋ ನಿಮ್ಮ ಯಂಗ್ ಸ್ಟ್ರೀಟ್‌ನಲ್ಲೋ ಒಂದೇ ಅಂಗಡಿಯಲ್ಲಿ ಪಿಸ್ತಾ ಕೊಳ್ಳುತ್ತಾರೆ, ಆದರೆ ಒಂದೇ ವೇದಿಕೆ ಹತ್ತುವುದು ಕಷ್ಟ. ವೇದಿಕೆ ಇರಲಿ, ಹಿಂದೆ ಯಾವ ಬಾವುಟ ಕಟ್ಟಬೇಕು ಎಂಬುದಕ್ಕೇ ಜಗಳ. ಸಿಂಹ ಮತ್ತು ಸೂರ್ಯ ಇರುವ ಹಳೆಯದೋ, ಈಗಿನ ಸರ್ಕಾರದ್ದೋ, ಯಾವ ಗುರುತೂ ಇಲ್ಲದ ಬರೀ ಹಸಿರು ಬಿಳಿ ಕೆಂಪೋ? ಒಂದೊಂದು ಬಾವುಟವೂ ಒಂದೊಂದು ಪಕ್ಷ ಹಿಡಿದ ಹಾಗೆ. 2025ರ ಜೂನ್‌ನಲ್ಲಿ ಇಸ್ರೇಲ್ ಜೊತೆ ಹನ್ನೆರಡು ದಿನ ಯುದ್ಧ ನಡೆದಾಗಲಂತೂ ಒಂದೇ ಮನೆಯೊಳಗೆ ಎರಡು ಅಭಿಪ್ರಾಯ.

ನನ್ನ ಲೆಕ್ಕದಲ್ಲಿ ಹುಡುಗರು ಮುಂದೆ ಬಂದಿದ್ದೇ ಈ ಒಡಕಿನಿಂದ. ಹಿರಿಯರು ಒಂದು ಕಡೆ ಸೇರುವುದೇ ಕಷ್ಟವಾದಾಗ, ಹಳೆಯ ಲೆಕ್ಕ ಯಾವುದೂ ಇಲ್ಲದವರೇ ನಡುವೆ ನಿಲ್ಲಬೇಕಾಯಿತು.

ಇನ್ನೊಂದು ಕಾರಣ ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ. ನಮಗೆ ಎಲ್ಲಿ ಹೋದರೂ ಭಾರತದ ರಾಯಭಾರ ಕಚೇರಿ ಇದೆ. ಪಾಸ್‌ಪೋರ್ಟ್ ಕಳೆದರೆ ಅಲ್ಲಿಗೆ, ದೀಪಾವಳಿಗೆ ಅತಿಥಿ ಬೇಕೆಂದರೂ ಅಲ್ಲಿಗೆ. ಅಮೆರಿಕಕ್ಕೂ ಇರಾನಿಗೂ 1980ರಿಂದ ರಾಜತಾಂತ್ರಿಕ ಸಂಬಂಧವೇ ಇಲ್ಲ. ಕೆನಡಾ 2012ರ ಸೆಪ್ಟೆಂಬರ್‌ನಲ್ಲಿ ಸಂಬಂಧ ಕಡಿದುಕೊಂಡು, ಒಟ್ಟಾವಾದಲ್ಲಿದ್ದ ಇರಾನಿ ಕಚೇರಿಯನ್ನು ಮುಚ್ಚಿಸಿತು. ಅದನ್ನು ಮತ್ತೆ ತೆರೆಸಬೇಕೋ ಬೇಡವೋ ಎಂಬುದೇ ನಿಮ್ಮ ನೆರೆಹೊರೆಯವರಲ್ಲಿ ವರ್ಷಗಟ್ಟಲೆ ಜಗಳವಾಗಿದೆ. ತೆರೆದರೂ ಒಳಗೆ ಕಾಲಿಡಲು ಹೆದರುವವರು ಬಹಳ. ಹಾಗಾಗಿ ಊರಿನಿಂದ ಈಗಷ್ಟೇ ಬಂದ ಕುಟುಂಬಕ್ಕೆ ಫಾರಂ ತುಂಬಿಕೊಡುವುದು, ಆಸ್ಪತ್ರೆಯಲ್ಲಿ ಅಜ್ಜಿಯ ಮಾತನ್ನು ಇಂಗ್ಲಿಷಿಗೆ ಹೇಳುವುದು, ಸತ್ತವರಿಗೆ ಸಭೆ ಮಾಡುವುದು, ಎಲ್ಲ ಯಾರಾದರೂ ತಾವಾಗಿಯೇ ಮಾಡಬೇಕು. ಮಾಡುವವರು ಯಾರು? ಎರಡೂ ಭಾಷೆ ಬರುವ ಮಕ್ಕಳು.

ಅಪ್ಪ ಅಮ್ಮಂದಿರ ಕಥೆ ಬೇರೆಯೇ ಇತ್ತು. 1979ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 50 ಸಾವಿರ ಇರಾನಿ ವಿದ್ಯಾರ್ಥಿಗಳಿದ್ದರು, ಹೊರದೇಶದ ವಿದ್ಯಾರ್ಥಿಗಳಲ್ಲಿ ಅವರೇ ಅತಿ ಹೆಚ್ಚು. ಆ ನವೆಂಬರ್‌ನಲ್ಲಿ ಇರಾನಿನಲ್ಲಿ ಕ್ರಾಂತಿಯ ಪರವಿದ್ದ ವಿದ್ಯಾರ್ಥಿಗಳು ಟೆಹ್ರಾನಿನ ಅಮೆರಿಕನ್ ರಾಯಭಾರ ಕಚೇರಿಗೆ ನುಗ್ಗಿ ಒತ್ತೆಯಾಳುಗಳನ್ನು ಹಿಡಿದರು, 52 ಜನ 444 ದಿನ ಬಂಧನದಲ್ಲಿದ್ದರು. ಅಮೆರಿಕದ ಅಧ್ಯಕ್ಷ ಕಾರ್ಟರ್ ಅವರ ಸರ್ಕಾರ ತನ್ನಲ್ಲಿದ್ದ ಇರಾನಿ ವಿದ್ಯಾರ್ಥಿಗಳೆಲ್ಲ ವಲಸೆ ಕಚೇರಿಗೆ ಬಂದು ಹಾಜರಿ ಹಾಕಬೇಕೆಂದಿತು. ಬೀದಿಯಲ್ಲಿ ಬೈಗುಳ ಬೇರೆ. ಆ ಕಾಲ ನೋಡಿದವರು ತಲೆ ತಗ್ಗಿಸಿ ಓದಿ ಡಾಕ್ಟರೋ ಎಂಜಿನಿಯರೋ ಆದರು, ಸಾರ್ವಜನಿಕ ಕೆಲಸದ ಸಹವಾಸವೇ ಬೇಡವೆಂದರು.

ಹಾಗಂತ ಇರಾನಿ ವಿದ್ಯಾರ್ಥಿಗಳಿಗೆ ಸಂಘಟನೆ ಹೊಸದಲ್ಲ. ಅರವತ್ತರ ದಶಕದಲ್ಲಿ ಯುರೋಪ್ ಮತ್ತು ಅಮೆರಿಕದಲ್ಲಿ ಅವರದೇ ಒಕ್ಕೂಟವಿತ್ತು, ಷಾಗೆ ಅದು ದೊಡ್ಡ ತಲೆನೋವು. 1967ರ ಜೂನ್ 2ರಂದು ಷಾ ಪಶ್ಚಿಮ ಬರ್ಲಿನ್‌ಗೆ ಬಂದಾಗ ನಡೆದ ಪ್ರತಿಭಟನೆಯಲ್ಲಿ ಬೆನ್ನೊ ಓನೆಜೊರ್ಗ್ ಎಂಬ ಜರ್ಮನ್ ವಿದ್ಯಾರ್ಥಿ ಪೊಲೀಸ್ ಗುಂಡಿಗೆ ಸತ್ತ, ಜರ್ಮನಿಯ ಇಡೀ ವಿದ್ಯಾರ್ಥಿ ಚಳವಳಿ ಅಲ್ಲಿಂದ ಬಿಸಿಯೇರಿತು. ಆದರೆ ಆ ಒಕ್ಕೂಟ ಪೂರ್ತಿ ರಾಜಕೀಯದ್ದು, ಬಣಗಳಾಗಿ ಒಡೆದು ಮುಗಿಯಿತು. ಈಗಿನವರು ಹಿಡಿದ ದಾರಿ ಬೇರೆ.

ಅದಕ್ಕೊಂದು ಒಳ್ಳೆಯ ಉದಾಹರಣೆ ಹೇಳುತ್ತೇನೆ, ನೀವು ಸಂಘದಲ್ಲಿ ಓದಿ ಹೇಳಬೇಕಾದ ಭಾಗ ಇದು. 2003ರಲ್ಲಿ ಅಮೆರಿಕದ ಕೆಲವು ಇರಾನಿ ಮೂಲದ ವಿದ್ಯಾರ್ಥಿಗಳು ಇರಾನಿಯನ್ ಅಲಯನ್ಸಸ್ ಅಕ್ರಾಸ್ ಬಾರ್ಡರ್ಸ್ ಎಂಬ ಸಂಸ್ಥೆ ಕಟ್ಟಿದರು. ಪಕ್ಷ ಇಲ್ಲ, ಧರ್ಮ ಇಲ್ಲ ಎಂದು ಮೊದಲೇ ಗೆರೆ ಎಳೆದರು. ಮೂರು ವರ್ಷದ ಮೇಲೆ ಹೈಸ್ಕೂಲು ಮಕ್ಕಳಿಗಾಗಿ ಕ್ಯಾಂಪ್ ಆಯಂದೆ ಎಂಬ ಬೇಸಿಗೆ ಶಿಬಿರ ಶುರು ಮಾಡಿದರು. ಯಾವುದಾದರೂ ವಿಶ್ವವಿದ್ಯಾಲಯದ ಆವರಣದಲ್ಲಿ ಮಕ್ಕಳು ಕೆಲವು ದಿನ ಒಟ್ಟಿಗೆ ಇರುತ್ತಾರೆ. ಹಾಡು, ಕುಣಿತ, ಆಟ ಇದ್ದೇ ಇದೆ, ಜೊತೆಗೆ ಶಾಲೆಯಲ್ಲಿ "ನೀನು ಭಯೋತ್ಪಾದಕನಾ" ಎಂದು ಯಾರಾದರೂ ಕೇಳಿದರೆ ಏನನಿಸುತ್ತದೆ ಎಂಬಂಥ ಮಾತೂ ಇರುತ್ತದೆ. ನನಗೆ ಮುಖ್ಯ ಅನಿಸುವುದು ಇದನ್ನು ನಡೆಸುವವರು ಯಾರು ಎಂಬುದು. ಶಿಬಿರದ ಮಾರ್ಗದರ್ಶಕರು ಐವತ್ತು ದಾಟಿದ ಅಂಕಲ್‌ಗಳಲ್ಲ, ಕಾಲೇಜು ವಿದ್ಯಾರ್ಥಿಗಳು, ಸ್ವಯಂಸೇವಕರು. ಅವರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ಅದೇ ಶಿಬಿರಕ್ಕೆ ಬಂದ ಮಕ್ಕಳು. ಹದಿನೈದರ ಹುಡುಗಿ ತನಗಿಂತ ಐದೇ ವರ್ಷ ದೊಡ್ಡವಳು ಎಲ್ಲವನ್ನೂ ನಿಭಾಯಿಸುವುದನ್ನು ನೋಡುತ್ತಾಳೆ. ಇನ್ನು ಕೆಲವು ವರ್ಷಕ್ಕೆ ಆ ಜಾಗ ತನ್ನದು ಎಂದು ಅವಳಿಗೆ ಯಾರೂ ಭಾಷಣ ಮಾಡಬೇಕಿಲ್ಲ.

ನಿಮ್ಮ ಟೊರೊಂಟೊದ ತೀರ್ಗಾನ್ ಉತ್ಸವ ನೋಡಿರುತ್ತೀರಿ, ಕೆರೆದಂಡೆಯ ಹಾರ್ಬರ್‌ಫ್ರಂಟ್‌ನಲ್ಲಿ ನಡೆಯುತ್ತಿದ್ದದ್ದು. ಇಸ್ಲಾಂಗಿಂತ ಹಳೆಯದಾದ ಮಳೆ ನೀರಿನ ಹಬ್ಬ, ಬಿಲ್ಲುಗಾರ ಆರಶ್ ಬಾಣ ಬಿಟ್ಟು ಇರಾನಿನ ಗಡಿ ಗುರುತಿಸಿದ ಕಥೆ ಅದಕ್ಕೆ ಅಂಟಿಕೊಂಡಿದೆ. ಈ ಹಬ್ಬವನ್ನು ಆರಿಸಿದ್ದೇ ಜಾಣತನ. ಷಾ ಪರದವರೂ ಬರಬಹುದು, ಎಡದವರೂ ಬರಬಹುದು. ನಡೆಸುವುದು ಸ್ವಯಂಸೇವಕರ ದಂಡು.

ಈಗ ನಿಮ್ಮ ಒಂಟಾರಿಯೊದ ನಿಯಮವೊಂದನ್ನು ನೆನಪಿಸುತ್ತೇನೆ. ಅಲ್ಲಿ ಹೈಸ್ಕೂಲು ಮುಗಿಸಬೇಕಾದರೆ ಪ್ರತಿ ವಿದ್ಯಾರ್ಥಿಯೂ 40 ಗಂಟೆ ಸಮುದಾಯ ಸೇವೆ ಮಾಡಿರಬೇಕು. ಇರಾನಿ ಹುಡುಗನಿಗೂ ಅದೇ ಲೆಕ್ಕ, ನಿಮ್ಮ ಮಗನಿಗೂ ಅದೇ ಲೆಕ್ಕ. ಅಂದರೆ ಮಕ್ಕಳು ಬರುವುದೇ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಗಂಟೆ ತುಂಬಿಸಿಕೊಳ್ಳಲಾದರೂ ಒಂದು ಸಲ ಬಂದೇ ಬರುತ್ತಾರೆ. ಬಂದಾಗ ನಾವು ಏನು ಕೊಡುತ್ತೇವೆ? ಕುರ್ಚಿ ಜೋಡಿಸು, ತಟ್ಟೆ ಎತ್ತು, ಮೈಕ್ ಹಿಡಿದುಕೋ. ಆಮೇಲೆ ಫಾರಂಗೆ ಸಹಿ. ಕೆಲಸ ಕೀಳೆಂದು ಹೇಳುತ್ತಿಲ್ಲ, ಕುರ್ಚಿ ಯಾರಾದರೂ ಜೋಡಿಸಲೇಬೇಕು. ಆದರೆ ಈ ಸಲ ನಾಟಕ ಯಾವುದು, ಊಟಕ್ಕೆ ಎಷ್ಟು ಖರ್ಚು, ಯಾರನ್ನು ಕರೆಯಬೇಕು ಎಂದು ಯಾವತ್ತಾದರೂ ಆ ಹುಡುಗರನ್ನು ಕೇಳಿದ್ದುಂಟಾ? ಮದುವೆ ಮನೆಗೆ ಬಡಿಸಲು ಮಾತ್ರ ಕರೆಸಿಕೊಂಡವರು ಮುಂದಿನ ಮದುವೆಗೆ ಯಾವ ಉಮೇದಿನಿಂದ ಬಂದಾರು?

ಕೆಲವರು ಕಾಲೇಜು ಅರ್ಜಿಗೆ ಒಂದು ಸಾಲು ಸೇರಿಸಲು ಬರುತ್ತಾರೆ, ಇರಾನಿಯರಲ್ಲೂ ಹಾಗೆಯೇ. ಬರಲಿ ಬಿಡಿ, ಏನೀಗ?

ನೀವು ನೋಡಿರುವುದು ಹಬ್ಬ ಮತ್ತು ಮೆರವಣಿಗೆ. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾಗುವುದು ಅವರ ಬೇಸರ ಹಿಡಿಸುವ ಕೆಲಸಗಳು. ಅಮೆರಿಕದ ಜನಗಣತಿಯಲ್ಲಿ ಇರಾನಿಯರಿಗೆ ಪ್ರತ್ಯೇಕ ಕಾಲಂ ಇರಲಿಲ್ಲ, ಬಿಳಿಯರ ಲೆಕ್ಕಕ್ಕೇ ಸೇರಿಸಿಬಿಡುತ್ತಿದ್ದರು. ಲೆಕ್ಕದಲ್ಲಿ ಕಾಣದಿದ್ದರೆ ಭಾಷಾ ನೆರವೂ ಇಲ್ಲ, ಅನುದಾನವೂ ಇಲ್ಲ. ಫಾರಂನಲ್ಲಿ ಖಾಲಿ ಜಾಗವಿದೆ, ಅಲ್ಲಿ ಇರಾನಿಯನ್ ಎಂದು ಬರೆಯಿರಿ ಎಂದು ಜನರನ್ನು ಒಪ್ಪಿಸುವ ಅಭಿಯಾನ 2010ರ ಗಣತಿಗೆ ನಡೆಯಿತು, 2020ಕ್ಕೂ ನಡೆಯಿತು. 1979 ನೋಡಿದ ಹಿರಿಯರಿಗೆ ಸರ್ಕಾರಿ ಕಾಗದದ ಮೇಲೆ ಆ ಪದ ಬರೆಯುವುದೆಂದರೆ ಎಷ್ಟು ಅಂಜಿಕೆ ಇದ್ದಿರಬೇಕು, ಯೋಚಿಸಿ. 2020ರಲ್ಲಿ ಸುಮಾರು 5 ಲಕ್ಷ 68 ಸಾವಿರ ಜನ ಇರಾನಿ ಎಂದು ಲೆಕ್ಕಕ್ಕೆ ಸಿಕ್ಕರು. 2024ರ ಮಾರ್ಚ್‌ನಲ್ಲಿ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ವಿಭಾಗ ಕೊಡಲು ಸರ್ಕಾರ ತೀರ್ಮಾನಿಸಿತು. ಇದಕ್ಕೆ ಯಾರೂ ಹಾರ ಹಾಕಲಿಲ್ಲ.

ಕಷ್ಟ ಬಂದಾಗಲೂ ಇದೇ ಅಭ್ಯಾಸ ಕೈಹಿಡಿಯಿತು. 2017ರ ಜನವರಿಯಲ್ಲಿ ಟ್ರಂಪ್ ಆದೇಶ ಇರಾನ್ ಸೇರಿ ಏಳು ದೇಶದವರ ಪ್ರವೇಶ ತಡೆದಾಗ ವಿಮಾನ ನಿಲ್ದಾಣಗಳಿಗೆ ವಕೀಲರು ಓಡಿದರು, ಇರಾನಿನ ಭಾಷೆ ಫಾರ್ಸಿ ಬಲ್ಲವರೂ ಓಡಿದರು. 2020ರ ಜನವರಿ 8ರಂದು ಟೆಹ್ರಾನಿನಿಂದ ಹೊರಟ ಉಕ್ರೇನ್ ವಿಮಾನವನ್ನು ಇರಾನಿನ ಸೇನೆಯೇ ಹೊಡೆದುರುಳಿಸಿ 176 ಜನ ಸತ್ತರು. ಅವರಲ್ಲಿ 138 ಜನ ಕೆನಡಾಕ್ಕೆ ಬರುತ್ತಿದ್ದವರು, ರಜೆ ಮುಗಿಸಿ ಹೊರಟ ವಿದ್ಯಾರ್ಥಿಗಳು ಬಹಳ. ಆ ವಾರ ವಿಶ್ವವಿದ್ಯಾಲಯಗಳಲ್ಲಿ ಶ್ರದ್ಧಾಂಜಲಿ ಸಭೆಗೆ ಓಡಾಡಿದವರು ಸತ್ತವರ ಸಹಪಾಠಿಗಳೇ. ಎರಡು ವರ್ಷ ಕಳೆದು, ಹಿಜಾಬ್ ಸರಿಯಿಲ್ಲವೆಂದು ಇರಾನಿನ ಪೊಲೀಸರು ಹಿಡಿದಿದ್ದ ಮಹ್ಸಾ ಅಮೀನಿ ಎಂಬ ಯುವತಿ ಸತ್ತಾಗ, ವಿಮಾನದಲ್ಲಿ ಮಡಿದವರ ಕುಟುಂಬಗಳು ಕಟ್ಟಿಕೊಂಡಿದ್ದ ಸಂಘವೇ ಜಗತ್ತಿನ ಹತ್ತಾರು ನಗರಗಳಲ್ಲಿ ಜನರನ್ನು ಬೀದಿಗೆ ಕರೆಯಿತು. ಬರ್ಲಿನ್‌ನಲ್ಲಿ ಅಕ್ಟೋಬರ್ 22ರಂದು ಸೇರಿದವರು ಪೊಲೀಸರ ಲೆಕ್ಕದಲ್ಲೇ 80 ಸಾವಿರ.

ಇದಕ್ಕೆಲ್ಲ ಬೆಲೆ ಇದೆ ಮೇಡಂ, ಅದನ್ನು ಬಿಟ್ಟು ಬರೆದರೆ ನಿಮಗೆ ಮೋಸ ಮಾಡಿದ ಹಾಗೆ. ಬ್ರಿಟನ್‌ನಲ್ಲಿ ನೆಲೆಸಿದ್ದ ನಾಜನೀನ್ ಜಘಾರಿ ರ‍್ಯಾಟ್‌ಕ್ಲಿಫ್ 2016ರಲ್ಲಿ ಮಗಳ ಜೊತೆ ತವರಿಗೆ ಹೋಗಿ ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲೇ ಬಂಧನವಾಯಿತು, ಮನೆಗೆ ಮರಳಿದ್ದು 2022ರಲ್ಲಿ. ಇಂಥದ್ದನ್ನು ನೋಡಿದ ಹುಡುಗರು ಮೆರವಣಿಗೆಗೆ ಮಾಸ್ಕ್ ಹಾಕಿಕೊಂಡು ಹೋಗುತ್ತಾರೆ, ಫೋಟೊ ಬೇಡವೆನ್ನುತ್ತಾರೆ. ಅಜ್ಜಿಯನ್ನು ನೋಡಲು ಮುಂದಿನ ವರ್ಷ ಹೋಗಬೇಕಲ್ಲ. ಅತ್ತ ಸರ್ಕಾರದ ಭಯ, ಇತ್ತ ಸ್ವಂತ ಸಮುದಾಯದವರೇ ಬಾವುಟ ಕಟ್ಟಿದರೆ ಒಂದು ಬೈಗುಳ, ಕಟ್ಟದಿದ್ದರೆ ಇನ್ನೊಂದು. ಸಾಕಪ್ಪ ಎಂದು ಬಿಟ್ಟುಹೋದವರು ಕಡಿಮೆಯಿಲ್ಲ. ಈ ಪರಿಸ್ಥಿತಿ ನಮ್ಮ ಮಕ್ಕಳಿಗಿಲ್ಲ, ದೇವರ ದಯೆ. ಆದ್ದರಿಂದ ಅವರನ್ನು ತೋರಿಸಿ ಇವರನ್ನು ಬೈಯಬೇಡಿ. ಊರು ಕಳೆದುಕೊಂಡವರ ಮಕ್ಕಳಿಗೆ ಇರುವ ತುರ್ತು ಪ್ರತಿ ವರ್ಷ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದು ಹೋಗುವವರಿಗೆ ಹೇಗೆ ಬರಬೇಕು?

ಇರಾನಿ ವಲಸಿಗರ ಮೂರನೇ ತಲೆಮಾರು ಏನು ಮಾಡಬಲ್ಲದು ಎಂಬುದು ನಮಗೇನೂ ಹೊಸದಲ್ಲ ಅನ್ನಿ. ಶಿರಾಜ್‌ನಿಂದ ಬೆಂಗಳೂರಿಗೆ ಕುದುರೆ ವ್ಯಾಪಾರಕ್ಕೆ ಬಂದ ಅಲಿ ಆಸ್ಕರ್ ಅವರ ಮೊಮ್ಮಗನೇ ನಮ್ಮ ಸರ್ ಮಿರ್ಜಾ ಇಸ್ಮಾಯಿಲ್, 1926ರಿಂದ 1941ರವರೆಗೆ ಮೈಸೂರಿನ ದಿವಾನರು. ನಿಮ್ಮ ಕಡೆಯೇ ನೋಡಿ. 2015ರಲ್ಲಿ ರಿಚ್ಮಂಡ್ ಹಿಲ್‌ನಿಂದ ಮಜೀದ್ ಜೊಹರಿ, ಪಕ್ಕದ ವಿಲೋಡೇಲ್‌ನಿಂದ ಅಲಿ ಎಹ್ಸಾಸಿ ಕೆನಡಾ ಸಂಸತ್ತಿಗೆ ಗೆದ್ದರು, ಅಲ್ಲಿಗೆ ಹೋದ ಮೊದಲ ಇರಾನಿ ಮೂಲದವರು. ಅದೇ ಚುನಾವಣೆಯಲ್ಲಿ ನಮ್ಮ ಶಿರಾ ತಾಲ್ಲೂಕಿನ ಚಂದ್ರ ಆರ್ಯ ನೇಪಿಯನ್‌ನಿಂದ ಗೆದ್ದರು. 2022ರಲ್ಲಿ ಅವರು ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೊ ನಿಮ್ಮ ಗುಂಪಿನಲ್ಲೂ ಹರಿದಾಡಿರುತ್ತದೆ. ಅಂದರೆ ಶಕ್ತಿ ಕಡಿಮೆ ಎಂಬ ಕೊರಗು ಬೇಡ.

ಇನ್ನೊಂದು ಮಾತು. ನಿಮ್ಮ ಸುತ್ತಲಿನ ಇರಾನಿ ಯುವಕರಲ್ಲಿ ಎರಡು ಗುಂಪಿದೆ, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಅಲ್ಲೇ ಹುಟ್ಟಿದವರು ಒಂದು, ಎಂ.ಎಸ್., ಪಿಎಚ್.ಡಿ.ಗೆಂದು ಈಚೆಗೆ ಬಂದವರು ಇನ್ನೊಂದು. ಎರಡನೆಯವರಿಗೆ ಭಾಷೆ ಸಲೀಸು, ಮೊದಲಿನವರಿಗೆ ಅಲ್ಲಿನ ಕಾನೂನು, ಕಚೇರಿ, ಜನ ಸಲೀಸು. ಮೊದಲಿನವರ ಫಾರ್ಸಿ ಕೇಳಿ ಎರಡನೆಯವರು ನಗುವುದೂ ಉಂಟು. ಚೆನ್ನಾಗಿ ನಡೆಯುವ ಸಂಘಗಳಲ್ಲಿ ಇಬ್ಬರಿಗೂ ಜಾಗವಿದೆ. ನಮ್ಮ ಕೂಟಗಳಲ್ಲಿ ನಿಮ್ಮ ಮಗ ತಪ್ಪು ಕನ್ನಡ ಮಾತಾಡಿದ ತಕ್ಷಣ ನಗುವವರು ಎಷ್ಟು ಜನ? ಅವನು ಫೋನ್ ನೋಡುವುದಕ್ಕೆ ಅದೂ ಒಂದು ಕಾರಣ ಇರಬಹುದು, ಒಮ್ಮೆ ಕೇಳಿ ನೋಡಿ.

ಮುಂದಿನ ರಾಜ್ಯೋತ್ಸವಕ್ಕೆ ಒಂದು ಗಂಟೆ ಮತ್ತು ಅದಕ್ಕೆ ಬೇಕಾದಷ್ಟು ದುಡ್ಡನ್ನು ಹದಿನಾರರಿಂದ ಇಪ್ಪತ್ತೆರಡರ ಮಕ್ಕಳ ಕೈಗೆ ಕೊಟ್ಟು ಸಮಿತಿಯವರು ದೂರ ಕೂರಲು ಸಾಧ್ಯವಾ ಎಂದು ಕೇಳಿ. ಸಭೆಯಲ್ಲಿ ಗಲಾಟೆ ಆಗುತ್ತದೆ. ರ‍್ಯಾಪ್ ಹಾಡಬಹುದು, ದೀಪ ಬೆಳಗುವುದನ್ನು ಮರೆಯಬಹುದು, ಲೆಕ್ಕದಲ್ಲಿ ಐವತ್ತು ಡಾಲರ್ ಹೆಚ್ಚು ಕಡಿಮೆ ಆಗಬಹುದು. ಆಗಲಿ. ಹೇಗಾಯಿತು ಎಂದು ಬರೆಯಿರಿ, ಇಲ್ಲವೇ ನಿಮ್ಮ ಮಗನ ಕೈಯಲ್ಲೇ ಬರೆಸಿ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ, ತಿದ್ದುವುದಕ್ಕೇ ನಮ್ಮ ಕಚೇರಿಯಲ್ಲಿ ಸಂಬಳ ಕೊಡುತ್ತಾರೆ.

– ಸಂಪಾದಕ